ಕಾರಣ ಮೈಕಿನ್ಯಾಗ ಹೇಳ್ರಿ

ಒಂದು ಮಾತು ಕೇಳಿದರೆ ಮಕ್ತುಮಬಿಗೆ ಮೈಯೆಲ್ಲ ಉರಿಯುತ್ತಿತ್ತು. "ನಿಮ್ಮ ಕನ್ನಡ ಭಾಳ ಚಲೋ ಐತ್ರಿ" ಅನ್ನುವ ಮಾತು.

ಬೈಗುಳವಲ್ಲ ಅದು, ಹೊಗಳಿಕೆ. ಅನ್ನುವವರು ನಕ್ಕೊಂತ ಅನ್ನುತ್ತಿದ್ದರು. ಅದಕ್ಕೇ ತಿರುಗಿ ಏನೂ ಅನ್ನಲಿಕ್ಕೆ ಬರುತ್ತಿರಲಿಲ್ಲ. ಬ್ಯಾಂಕಿನಲ್ಲಿ ಸಹಿ ಮಾಡುವಾಗ ಅಲ್ಲಿಯವರು ಅಂದಿದ್ದರು. ಗಾದಿ ಹೊಲಿಸಲು ಬಂದ ಮದುವೆ ಮನೆಯವರು ಅಂದಿದ್ದರು. ಬಸ್ಸಿನಲ್ಲಿ ಪಕ್ಕ ಕುಂತ ಹೆಂಗಸು ಹೆಸರು ಕೇಳಿದ ಮೇಲೆ ಅಂದಿದ್ದಳು. ಹೆಸರು ಕೇಳುವ ಮೊದಲು ಯಾರೂ ಅನ್ನುತ್ತಿರಲಿಲ್ಲ.

ಅವಳು ಹುಟ್ಟಿದ್ದು ಸವದತ್ತಿಯಲ್ಲಿ, ಪಿಂಜಾರರ ಮನೆಯಲ್ಲಿ. ಅವ್ವ ಬೈದದ್ದು ಕನ್ನಡದಲ್ಲಿ. ಅಪ್ಪ ಅರಳೆ ಹಿಂಜುತ್ತ ಪದ ಹಾಡಿದ್ದು ಕನ್ನಡದಲ್ಲಿ. ನಮಾಜು ಮುಗಿಸಿ ಬಂದ ಗಂಡಸರು ಚಾ ಕೇಳುತ್ತಿದ್ದದ್ದೂ ಕನ್ನಡದಲ್ಲೇ. ಆ ಮನೆಯಲ್ಲಿ ಉರ್ದು ಬಲ್ಲವರು ಒಬ್ಬರೂ ಇರಲಿಲ್ಲ. ಆದರೂ ಊರ ಮಂದಿಗೆ ಅವಳ ಬಾಯಲ್ಲಿ ಕನ್ನಡ ಅಂದರೆ ಎಲ್ಲಿಂದಲೋ ತಂದ ಸಾಮಾನು. ಗೌರೀಶನಿಗೆ ಯಾರಾದರೂ ನಿಮ್ಮ ಕನ್ನಡ ಚಲೋ ಐತಿ ಅಂದದ್ದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ.

ಈ ಗೌರೀಶ ಅಂದರೆ ಯರಗಟ್ಟಿಯಲ್ಲಿ ಬೀಜ-ಗೊಬ್ಬರದ ದೊಡ್ಡ ಅಂಗಡಿ ಇದ್ದವನು. ಓದುಬಳಗದ ಅಧ್ಯಕ್ಷ. ಕೆಟ್ಟವನು ಅಂತ ಯಾರೂ ಅನ್ನುವ ಹಾಗಿರಲಿಲ್ಲ. ರಮಜಾನ ಹಬ್ಬಕ್ಕೆ ಸುರಕುಂಬಾ ಪಾಯಸ ಕುಡಿಯಲು ಮಕ್ತುಮಬಿಯ ಮನೆಗೆ ಬರುತ್ತಿದ್ದ. ಕುಡಿದು, ಬಟ್ಟಲು ಕೆಳಗಿಟ್ಟು, "ನಮ್ಮ ಊರಾಗ ಹಿಂದೂ-ಮುಸಲ್ಮಾನ ಅಂತ ಭೇದ ಇಲ್ಲ ನೋಡ್ರಿ" ಅನ್ನುತ್ತಿದ್ದ. ಪ್ರತಿ ವರ್ಷವೂ ಅನ್ನುತ್ತಿದ್ದ.

ಮಕ್ತುಮಬಿ ಮದುವೆಯಾಗಿ ಯರಗಟ್ಟಿಗೆ ಬಂದವಳು. ಗಂಡ ಹಜರತಸಾಬನದು ಬೆಳಗಾವಿ ರಸ್ತೆಗೆ ಗಾದಿ ಅಂಗಡಿ. ಅವನು ಮಷೀನಿಗೆ ಅರಳೆ ಕೊಡುತ್ತಿದ್ದ. ಹಿಂಜಿದ ಅರಳೆಯನ್ನು ಗಾದಿಯ ಚೀಲಕ್ಕೆ ತುಂಬುವುದು, ಕೋಲಿನಿಂದ ಬಡಿದು ಸಮ ಮಾಡುವುದು, ಹೊಲಿಯುವುದು ಅವಳ ಕೆಲಸ. ಗಾದಿಯ ಮೇಲೆ ಮಂಡಿಯೂರಿ ಕುಂತು ದಬ್ಬಣ ಚುಚ್ಚಬೇಕು, ಒಂದು ಕೈ ಕೆಳಗೆ ಹಾಕಿ ಎಳೆಯಬೇಕು. ಮಂಡಿಗಳು ಕಪ್ಪಾಗಿ ಗಟ್ಟಿಯಾಗಿದ್ದವು. ಬೆರಳ ತುದಿಗೆ ಬಿಸಿ ತಣ್ಣಗಿನ ಖಬರು ಉಳಿದಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಧೂಳು. ಸೆರಗು ಮೂಗಿಗೆ ಬಿಗಿದುಕೊಂಡರೂ ಒಳಗೆ ಹೋಗುತ್ತಿತ್ತು. ಹಗಲೆಲ್ಲ ಕೆಮ್ಮು. ಉಗುಳಿದರೆ ಎಳೆ ಎಳೆ ಅರಳೆ.

ಬಳಗದ ಓದುಮನಿ, ಅಂದರೆ ಪುಸ್ತಕದ ಮನೆ, ಸಂತೆ ಬೀದಿಯ ಹಿಂದೆ ಇತ್ತು. ಊರ ಮಂದಿ ಕೂಡಿ ಕಟ್ಟಿದ್ದು. ಒಬ್ಬರು ಇಟ್ಟಂಗಿ ಕೊಟ್ಟರು, ಒಬ್ಬರು ತಗಡು ಕೊಟ್ಟರು, ಹಜರತಸಾಬ ಕುಂಡ್ರಲು ಗಾದಿ ಕೊಟ್ಟ. ಶನಿವಾರ ಮಧ್ಯಾಹ್ನ ಹೆಂಗಸರಿಗೆ ಅಂತ ಒಂದು ಹೊತ್ತು ಇಟ್ಟರು. ಓದಲು ಬಾರದವರೂ ಬರಬೇಕು, ಒಬ್ಬರು ಓದಬೇಕು, ಉಳಿದವರು ಕೇಳಬೇಕು. ಮೊದಮೊದಲು ಒಬ್ಬ ಮಾಸ್ತರರು ಓದಿದರು. ಸಾಲು ಮುಗಿಯುವ ಮೊದಲೇ ಅರ್ಥ ಹೇಳುತ್ತಿದ್ದರು. ಹೆಂಗಸರು ತೂಕಡಿಸಿದರು. ಒಂದು ಶನಿವಾರ ಮಾಸ್ತರರು ಬರಲಿಲ್ಲ. ಓದುಮನಿಯ ಕೀಲಿಕೈ ಇಟ್ಟುಕೊಂಡಿದ್ದ ಮೀನಾ, ಬಳಗದವರು ನೇಮಿಸಿದ ಹುಡುಗಿ, "ಯಾರರ ಓದ್ರಿ ಅಕ್ಕಾರ, ಸುಮ್ಮ ಕುಂತ್ರ ಏನ್ ಚಂದ" ಅಂದಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಏಳನೇ ಇಯತ್ತೆವರೆಗೆ ಕಲಿತ ಮಕ್ತುಮಬಿ ಪುಸ್ತಕ ಈಸಿಕೊಂಡಳು.

ಅವಳು ಓದಿದ್ದು ಮಾತಾಡಿದಂತೆ ಇತ್ತು. ಕಾದಂಬರಿಯಲ್ಲಿ ಅತ್ತೆ ಬೈದರೆ ಬೈದಳು, ಸೊಸೆ ಅತ್ತರೆ ದನಿ ಇಳಿಸಿದಳು. ಹೆಂಗಸರು ಮುಂದಕ್ಕೆ ಸರಿದು ಕುಂತರು. ಅವತ್ತಿನಿಂದ ಮಾಸ್ತರರನ್ನು ಯಾರೂ ಕರೆಯಲಿಲ್ಲ.

ಎಲ್ಲರಿಗಿಂತ ಮುಂದೆ ಕುಂಡ್ರುವವಳು ರಾಚವ್ವ. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಮುದುಕಿ. ಅವಳಿಗೆ ತನ್ನ ಹೆಸರು ಬರೆಯಲೂ ಬರದು. ಆ ವರ್ಷ ಓದಲು ಹಿಡಿದ ಕಾದಂಬರಿ ಮಲಪ್ರಭೆಯ ನೀರಲ್ಲಿ ಮುಳುಗಿದ ಊರೊಂದರ ಕಥೆ. ನವಿಲುತೀರ್ಥದ ಕಟ್ಟೆ ಕಟ್ಟಿದಾಗ ರಾಚವ್ವನ ತವರೂ ಮುಳುಗಿತ್ತು. ಅವಳಿಗೆ ಆಗ ಹರೆಯ ಸಹ ಬಂದಿರಲಿಲ್ಲ. ಮಕ್ತುಮಬಿ ಓದುವಾಗ ರಾಚವ್ವ ನಡುನಡುವೆ "ಹೌದು, ಹಿಂಗ ಇತ್ತು" ಅನ್ನುತ್ತಿದ್ದಳು. ಒಮ್ಮೊಮ್ಮೆ "ಸುಳ್ಳು, ಹಿಂಗ ಇರಲಿಲ್ಲ" ಅಂತಲೂ ಅನ್ನುತ್ತಿದ್ದಳು. ಜನ ಬಾಗಿಲು ಚೌಕಟ್ಟು ಕಿತ್ತು ಚಕ್ಕಡಿಗೆ ಹೇರುವಲ್ಲಿ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕುಂತಳು. ಓದು ಮುಗಿದ ಮೇಲೆ ಮಕ್ತುಮಬಿಯ ಕೈ ಹಿಡಿದು, "ನಮ್ಮಪ್ಪ ಚೌಕಟ್ಟ ಕೀಳಬೇಕಾದ್ರ ಅತ್ತಿದ್ದ. ನಾ ಯಾರಿಗೂ ಹೇಳಿರಲಿಲ್ಲ" ಅಂದಳು.

ಅವತ್ತು ಮನೆಗೆ ಬಂದ ಮಕ್ತುಮಬಿ ಗಂಡನಿಗೆ ಹೇಳಿದಳು. "ಗಾದಿ ಹೊಲದ್ರ ಮಂದಿ ಮಲಗತಾರ. ಓದಿದ್ರ ಏಳತಾರ ನೋಡ್ರಿ."

ಹಜರತಸಾಬ ನಕ್ಕ. "ಎರಡೂ ನೀನ ಮಾಡು ಹಂಗಾರ."

ಕಾದಂಬರಿ ಬರೆದವರು ಧಾರವಾಡದ ಅನ್ನಪೂರ್ಣಾ ಅನ್ನುವ ಲೇಖಕಿ. ಅವರನ್ನು ಯರಗಟ್ಟಿಗೆ ಕರೆಸಬೇಕು ಅಂತ ಬಳಗದಲ್ಲಿ ಠರಾವಾಯಿತು. ಸಮುದಾಯ ಭವನದಲ್ಲಿ ದೊಡ್ಡ ಕಾರ್ಯಕ್ರಮ. ಲೇಖಕಿಯ ಮಾತಿಗೆ ಮೊದಲು ಕಾದಂಬರಿಯ ಒಂದು ಭಾಗ ಓದಬೇಕು. ಯಾರು ಓದಬೇಕು ಅನ್ನುವ ಪ್ರಶ್ನೆಯೇ ಬರಲಿಲ್ಲ. "ಮಕ್ತುಮಬಿ ಬಿಟ್ಟು ಇನ್ಯಾರು?" ಅಂತ ಗೌರೀಶನೇ ಅಂದ. ಗೋಡೆಗೆ ಹಚ್ಚುವ ಹಾಳೆಯಲ್ಲಿ ಅವಳ ಹೆಸರು ಅಚ್ಚಾಯಿತು. "ವಾಚನ: ಶ್ರೀಮತಿ ಮಕ್ತುಮಬಿ ನದಾಫ." ಹಜರತಸಾಬ ಒಂದು ಹಾಳೆ ತಂದು ಅಂಗಡಿಯ ಬಾಗಿಲಿಗೆ ಹಚ್ಚಿದ. ಗಿರಾಕಿಗಳು ಬಂದರೆ ತಾನಾಗಿ ಹೇಳದೆ, ಅವರು ನೋಡಲಿ ಅಂತ ಬಾಗಿಲು ಬಿಟ್ಟು ಪಕ್ಕಕ್ಕೆ ನಿಲ್ಲುತ್ತಿದ್ದ.

ಅವಳು ತಯಾರಾದಳು. ಮುಂಜಾನೆ ಮಷೀನು ಶುರುವಾಗುವ ಮೊದಲೇ ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ತೊಳೆಯುತ್ತಿದ್ದಳು. ಚೌಕಟ್ಟು ಕೀಳುವ ಭಾಗವನ್ನೇ ಆರಿಸಿದ್ದಳು. ಗಾದಿ ಬಡಿಯುತ್ತ ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ಕೆಮ್ಮು ಎಲ್ಲಿ ಬರಬಹುದು, ಎಲ್ಲಿ ಉಸಿರು ತಗೋಬೇಕು ಅಂತ ಎಣಿಕೆ ಹಾಕಿದ್ದಳು.

ಕಾರ್ಯಕ್ರಮ ಇನ್ನೇನು ಎರಡು ದಿನ ಅನ್ನುವಾಗ ಗೌರೀಶ ಅಂಗಡಿಗೆ ಬಂದ. ಹಜರತಸಾಬ ಮಾಲು ತರಲು ಬೈಲಹೊಂಗಲಕ್ಕೆ ಹೋಗಿದ್ದ. ಗೌರೀಶ ಕುಂಡ್ರಲಿಲ್ಲ. ಹಾಸಿದ ಗಾದಿಯ ಬದಿಗೆ ನಿಂತೇ ಮಾತು ತೆಗೆದ.

"ತಂಗಿ, ಒಂದ ಮಾತು. ಸಿಟ್ಟಾಗಬ್ಯಾಡ."

ಸಿಟ್ಟಾಗಬೇಡ ಅಂದ ಕೂಡಲೇ ಅವಳಿಗೆ ತಿಳಿಯಿತು.

"ಓದೂದು ನಮ್ಮ ಸೊಸಿ ಓದ್ಲಿ ಅಂತ ಮಾಡೇವಿ."

"ಯಾಕ್ರಿ ಅಣ್ಣಾರ?"

"ನಿನ್ನ ಓದಿಗೇನು ಹೆಸರಿಡೂ ಹಂಗಿಲ್ಲ. ನಿನ್ನ ಕನ್ನಡ ನಮ್ಮ ಕನ್ನಡಕ್ಕಿಂತ ಚಲೋ ಐತಿ."

ಅವಳು ದಬ್ಬಣವನ್ನು ಗಾದಿಗೆ ಚುಚ್ಚಿ ಬಿಟ್ಟಳು.

"ಹಾಳಿ ನೋಡಿ ಕೆಲವರು ಫೋನ್ ಮಾಡಿದ್ರು. ಕನ್ನಡದ ಕಾರ್ಯಕ್ರಮ ಮಾಡೀರಿ, ಓದಾಕ ನಮ್ಮವರು ಯಾರೂ ಸಿಗಲಿಲ್ಲೇನು ಅಂತ ಕೇಳಿದ್ರು. ನನಗ ಏನೂ ಇಲ್ಲವಾ. ನಾ ನಿಮ್ಮ ಮನ್ಯಾಗ ಉಂಡಾಂವ. ಮಂದಿ ಬಾಯಿ. ಈಗಿನ ಕಾಲ ಹಿಂಗ ಐತಿ. ನಾಳೆ ಗದ್ದಲಾ ಆದ್ರ ಲೇಖಕಿಯವರ ಮುಂದ ಊರ ಮರ್ಯಾದಿ ಹೊಕ್ಕತಿ."

"ನನ್ನ ಮರ್ಯಾದಿ ಹೋದ್ರ?"

"ನಿನ್ನ ಕೈ ಬಿಡೂದಿಲ್ಲವಾ ನಾವು. ವೇದಿಕೆ ಮ್ಯಾಲ ನೀನೂ ಬರತಿ. ಲೇಖಕಿಯವರಿಗೆ ಗುಲಾಬಿ ಕೊಡೂದು ನೀನ. ಸೌಹಾರ್ದ ಅಂತ. ಪೇಪರಿನ್ಯಾಗ ಫೋಟೋ ಬರತೈತಿ." ಸ್ವಲ್ಪ ತಡೆದು ಮತ್ತೆ ಅಂದ. "ಬುರ್ಖಾ ಹಾಕ್ಕೊಂಡ ಬಾ."

"ನಾ ಬುರ್ಖಾ ಹಾಕೂದಿಲ್ಲಲ್ರಿ. ನಮ್ಮ ಮನ್ಯಾಗ ಯಾರೂ ಹಾಕೂದಿಲ್ಲ."

"ಒಂದಿನದ ಮಾತು. ಯಾರ ಕಡಿಂದರ ಈಸ್ಕೊ. ಹಿಂಗ ಸೀರ್ಯಾಗ ಬಂದ್ರ ಫೋಟೋದಾಗ ಗೊತ್ತಾಗೂದಿಲ್ಲ. ಯಾರೋ ನಮ್ಮ ಮನಿ ಹೆಣಮಗಳ ಅಂತ ತಿಳಕೊತಾರ."

ಅಂದದ್ದು ಏನು ಅಂತ ಅವನಿಗೆ ತಿಳಿಯಲೇ ಇಲ್ಲ. ಮುಖದಲ್ಲಿ ಅದೇ ನಗು. ಹೋಗುವಾಗ ತಿರುಗಿ, "ಹಾಂ, ವೇದಿಕೆಗೆ ಹಳೇ ಕಾಲದ ಬೈಠಕ್ ಮಾಡೇವಿ. ಕೆಳಗ ಕುಂಡ್ರಾಕ ಒಂದ ದೊಡ್ಡ ಗಾದಿ, ಒರಗಾಕ ಲೋಡ ಬೇಕು. ಮುಂಜಾನೆ ತಂದ ಹಾಸಿಬಿಡ್ರಿ" ಅಂದ.

ಮಕ್ತುಮಬಿ ಹೊಲಿಗೆ ಮುಂದುವರಿಸಿದಳು. ಸಾಲು ಸೊಟ್ಟ ಹೋಯಿತು. ಬಿಚ್ಚಿದಳು. ಮತ್ತೆ ಹೊಲಿದಳು. ಮತ್ತೂ ಸೊಟ್ಟ ಹೋಯಿತು. ಓದಲು ಅವಳು ಹೆಚ್ಚು ಮುಸಲ್ಮಾನಳು. ಹೂ ಕೊಡಲು ಸಾಲದಷ್ಟು ಮುಸಲ್ಮಾನಳು. ಇದನ್ನು ಯಾರಿಗೆ ಹೇಳಬೇಕು? ಹೇಳಿದರೆ ಗೌರೀಶಣ್ಣ ಹಾಗಂದನೇ ಅಂತ ನಗುತ್ತಾರೆ.

ಹಜರತಸಾಬ ಬಂದ. ಕೇಳಿದ. ಬಾಗಿಲ ಹತ್ತಿರ ಹೋಗಿ ಹಾಳೆ ನೋಡಿದ, ಹರಿಯಲಿಲ್ಲ. ಬಂದು ರೊಟ್ಟಿಗೆ ಕುಂತ.

"ಬಿಟ್ಟಬಿಡು. ಹಬ್ಬಕ್ಕ ಮನಿಗೆ ಬರೋ ಮಂದಿ ಅವರು."

"ಬರ್ತಾರಂತ ಏನ್ ಅಂದ್ರೂ ಕೇಳಬೇಕೇನ್ರಿ?"

"ಊರಾಗ ಇರಬೇಕಲ್ಲ ನಾವು."

"ಇಷ್ಟ ದಿನಾ ಎಲ್ಲಿ ಇದ್ದೇವಿ ಹಂಗಾರ? ಅವರ ಅಂಗಳದಾಗ ಇದ್ದೇವೇನು?"

ರೊಟ್ಟಿ ಮುರಿದು ಹಾಗೇ ಇಟ್ಟ. ಅವನ ಹೆದರಿಕೆ ಅವಳಿಗೂ ಗೊತ್ತಿತ್ತು. ಮದುವೆ ಗಾದಿಗಳೆಲ್ಲ ಊರ ಮನೆಗಳಿಂದಲೇ ಬರಬೇಕು. ಗೌರೀಶನ ಮಾತು ಯಾವ ಮನೆಯಲ್ಲೂ ನಡೆಯುತ್ತಿತ್ತು.

ಕಾರ್ಯಕ್ರಮದ ದಿನ ಮುಂಜಾನೆ ಇಬ್ಬರೂ ಗಾದಿಯನ್ನು ಸುರುಳಿ ಸುತ್ತಿ ತಲೆಯ ಮೇಲೆ ಹೊತ್ತು ಭವನಕ್ಕೆ ತಂದರು. ಮೆಟ್ಟಿಲು ಹತ್ತುವಾಗ ಅವಳ ಕುತ್ತಿಗೆ ನರ ಎಳೆಯಿತು. ಗೋಡೆಯ ಮೇಲೆ ಹೊಸ ಹಾಳೆ ಹಚ್ಚಿದ್ದರು. ವಾಚನದ ಮುಂದೆ ಗೌರೀಶನ ಸೊಸೆಯ ಹೆಸರು. ಆ ಹುಡುಗಿಯ ಮೇಲೆ ಮಕ್ತುಮಬಿಗೆ ಸಿಟ್ಟಿರಲಿಲ್ಲ. ಪಾಪ, ಅವಳನ್ನೂ ಯಾರೂ ಕೇಳಿರಲಿಕ್ಕಿಲ್ಲ. ವೇದಿಕೆಯ ಮೇಲೆ ಬಿಳಿ ಹಚ್ಚಡ ಹಾಸಿ ಸುಕ್ಕು ತೆಗೆಯುತ್ತಿದ್ದಾಗ ಕೆಳಗಿನಿಂದ ಯಾರೋ ಕೂಗಿದರು. "ಏ ಪಿಂಜಾರಕ್ಕ, ಕಾಲ ಇಡಬ್ಯಾಡ ಅದರ ಮ್ಯಾಲ. ಅತಿಥಿಗಳು ಕುಂಡ್ರೂದೈತಿ."

ತಾನು ಹೊಲಿದ ಗಾದಿ. ಅವಳು ಮಂಡಿಯೂರಿ ಹಿಂದಕ್ಕೆ ಸರಿದು ಸರಿದು ಕೆಳಗಿಳಿದಳು.

ಮಧ್ಯಾಹ್ನ ಭವನ ತುಂಬಿತು. ಮಕ್ತುಮಬಿ ಹಸಿರು ಇಳಕಲ್ ಸೀರೆ ಉಟ್ಟು, ಎಂದಿನಂತೆ ತಲೆಯ ಮೇಲೆ ಸೆರಗು ಹೊದ್ದು ಬಂದಳು. ಅವಳನ್ನು ನೋಡಿ ಗೌರೀಶನ ಹುಬ್ಬು ಗಂಟಾಯಿತು. ಶನಿವಾರದ ಹೆಂಗಸರನ್ನು ಹಿಂದಿನ ಸಾಲುಗಳಲ್ಲಿ ಕುಂಡ್ರಿಸಿದ್ದರು. ಮುಂದಿನ ಕುರ್ಚಿಗಳಲ್ಲಿ ಕುಂತವರು ಒಂದು ಶನಿವಾರವೂ ಓದುಮನಿಯ ಹೊಸ್ತಿಲು ತುಳಿದವರಲ್ಲ. ರಾಚವ್ವ ಮುಂದೆ ಹೋಗಿ ಕುಂತಿದ್ದಳು, ಎಬ್ಬಿಸಿ ಹಿಂದಕ್ಕೆ ಕಳಿಸಿದರು.

"ನನಗ ಕಿವಿ ಮಂದ ಐತೋ, ಹಿಂದ ಕುಂತ್ರ ಕೇಳೂದಿಲ್ಲ" ಅಂದರೂ ಬಿಡಲಿಲ್ಲ.

ಗೌರೀಶನ ಸೊಸೆ ಓದಿದಳು. ಸ್ಪಷ್ಟವಾಗಿ, ಜಲ್ದಿ ಜಲ್ದಿ, ತಲೆಯೆತ್ತದೆ ಓದಿ ಮುಗಿಸಿದಳು. ಚಪ್ಪಾಳೆಯಾಯಿತು. ಗೌರೀಶ ಮೈಕಿನ ಮುಂದೆ ಬಂದು ದನಿ ಬದಲಿಸಿ ಗ್ರಂಥದ ಕನ್ನಡ ಶುರು ಮಾಡಿದ.

"ಈಗ ನಮ್ಮ ಊರಿನ ಸೌಹಾರ್ದದ ಸಂಕೇತವಾಗಿ, ಮುಸ್ಲಿಂ ಸಹೋದರಿ ಮಕ್ತುಮಬಿಯವರು ಲೇಖಕಿಯವರಿಗೆ ಗುಲಾಬಿ ನೀಡಿ ಗೌರವಿಸುತ್ತಾರೆ."

ಅವಳು ಎದ್ದಳು. ಮೆಟ್ಟಿಲು ಹತ್ತಿದಳು. ಯಾರೋ ಕೈಯಲ್ಲಿ ಹೂ ಇಟ್ಟರು. ಅನ್ನಪೂರ್ಣಾ ಅವರು ನಕ್ಕು ಎರಡೂ ಕೈ ಮುಂದೆ ಮಾಡಿದರು. ಫೋಟೋದವನು ಮಂಡಿಯೂರಿದ.

ಮಕ್ತುಮಬಿ ಹೂವನ್ನು ಗಾದಿಯ ಅಂಚಿಗೆ ಇಟ್ಟಳು. ತಿರುಗಿ ಮೈಕಿನ ಹತ್ತಿರ ಹೋದಳು.

"ನನ್ನ ಹೆಸರ ಮಕ್ತುಮಬಿ. ನಾ ಗಾದಿ ಹೊಲಿಯಾಕಿ. ಓದುಮನ್ಯಾಗ ಈ ಕಾದಂಬರಿ ಇಷ್ಟ ದಿನಾ ಓದಿದಾಕಿ ನಾನ. ಇವತ್ತ ಇಲ್ಲೆ ಓದೂದೂ ನಂದ ಇತ್ತು. ಹಾಳ್ಯಾಗ ಹೆಸರಿತ್ತು, ತಗದ್ರು. ಯಾಕ ತಗದ್ರು ಅನ್ನೂದನ್ನ ಗೌರೀಶಣ್ಣಾರು ಅಂಗಡ್ಯಾಗ ನಿಂತು ನನಗೊಬ್ಬಾಕಿಗೆ ಹೇಳ್ಯಾರ. ಆ ಕಾರಣ ಈಗ ಎಲ್ಲಾರಿಗೂ ಮೈಕಿನ್ಯಾಗ ಹೇಳ್ರಿ ಅಣ್ಣಾರ."

ಮುಂದಿನ ಸಾಲಿನವರು ಗೌರೀಶನ ಕಡೆ ತಿರುಗಿದರು.

ಗೌರೀಶ ನಕ್ಕ. "ಕಾರ್ಯಕ್ರಮ ಉದ್ದಾಗತೈತಿ ಅಂತ, ವ್ಯಾಳ್ಯಾ ಇಲ್ಲಂತ..."

"ಹಂಗ ಹೇಳಲಿಲ್ಲ ನೀವು. ಹೇಳಿದ್ದನ್ನ ಹೇಳ್ರಿ."

"ತಂಗಿ, ಇದು ಅದನ್ನ ಮಾತಾಡೋ ಜಾಗಾ ಅಲ್ಲ."

"ಅಂಗಡ್ಯಾಗ ಹೇಳಾಕ ಬಂತು. ಇಲ್ಲಿ ಯಾಕ ಬರವಲ್ದು? ಮಾತು ಚಲೋದಿದ್ರ ಮಂದಿ ಮುಂದ ಹೇಳ್ರಿ. ಕೆಟ್ಟದ್ದಿದ್ರ ನನಗ್ಯಾಕ ಹೇಳಿದ್ರಿ?"

ಮುಂದಿನ ಸಾಲಿನಲ್ಲಿ ಯಾರೋ "ಇಳಸ್ರಿ ಆಕೀನ್ನ" ಅಂದರು. ಅನ್ನಪೂರ್ಣಾ ಅವರು ಕುಂತಲ್ಲಿಂದಲೇ, "ಇರಲಿ ಗೌರೀಶ ಅವರೇ, ಪಾಪ, ಅವರೂ ಒಂದೆರಡು ನಿಮಿಷ ಓದಲಿ" ಅಂದರು.

ಮಕ್ತುಮಬಿ ಅವರ ಕಡೆ ತಿರುಗಿದಳು. "ಈಗ ಓದೂದು ಬ್ಯಾಡ್ರಿ ಅಕ್ಕಾರ. ಪಾಪ ಅಂತ ಓದಿಸಬ್ಯಾಡ್ರಿ. ನೀವರ ಕಾರಣ ಕೇಳ್ರಿ ಇವರನ್ನ. ನಿಮ್ಮ ಪುಸ್ತಕ ಅದು."

ಲೇಖಕಿ ಗೌರೀಶನ ಮುಖ ನೋಡಿದರು. ಮುಂದಿನ ಸಾಲು ನೋಡಿದರು. ನೀರಿನ ಲೋಟ ಎತ್ತಿಕೊಂಡರು. "ನೋಡಿ ತಾಯಿ, ಇದು ನಿಮ್ಮೂರಿನ ಒಳಗಿನ ವಿಷಯ. ನಾನು ಹೊರಗಿನವಳು. ನೀವು ನೀವೇ ಕೂತು ಬಗೆಹರಿಸಿಕೊಳ್ಳಿ."

ಮಕ್ತುಮಬಿ ಏನೋ ಅನ್ನಲು ಬಾಯಿ ತೆರೆದಳು. ಮೈಕು ಸತ್ತಿತ್ತು. ಯಾರೋ ವೈರು ಕಿತ್ತಿದ್ದರು. ಅವಳು ಬರೀ ಗಂಟಲಿನಿಂದ ಕೂಗಿದಳು. "ಹೇಳ್ರಿ ಅಣ್ಣಾರ!" ಕೆಮ್ಮು ಬಂತು. ಬಗ್ಗಿ ಕೆಮ್ಮಿದಳು. ನೆಟ್ಟಗಾಗಿ ಮತ್ತೆ ಕೂಗಿದಳು. ಅಷ್ಟರಲ್ಲಿ ಸ್ಪೀಕರಿನಲ್ಲಿ ಜೋರಾಗಿ ಹಾಡು ಹಚ್ಚಿದರು. ಅವಳ ದನಿ ಅವಳಿಗೇ ಕೇಳದಂತಾಯಿತು.

ಅವಳು ಕೆಳಗಿಳಿದು ನಡುವಿನ ದಾರಿಯಲ್ಲಿ ನಡೆದಳು. ಎರಡೂ ಬದಿಯ ಮಂದಿ ಮೊಬೈಲು ಎತ್ತಿ ಹಿಡಿದಿದ್ದರು. ಹಿಂದಿನ ಸಾಲಿನ ಹೆಂಗಸರು ತಲೆ ಬಗ್ಗಿಸಿದರು. ಅವಳ ಓದು ಕೇಳಿ ಅತ್ತವರು, ನಕ್ಕವರು, ಮುಂದೇನಾತು ಅಂತ ಬೀದಿಯಲ್ಲಿ ನಿಲ್ಲಿಸಿ ಕೇಳಿದವರು. ಒಬ್ಬರೂ ಏಳಲಿಲ್ಲ. ರಾಚವ್ವ ಒಬ್ಬಳೇ ಎದ್ದಳು. ಬುಟ್ಟಿ ಕಂಕುಳಿಗೆ ಹಾಕಿಕೊಂಡು, "ಊಟ ಇಟ್ಟಾರಂತ ಕುಂಡ್ರತೀರೇನ? ಕುಂಡ್ರಿ" ಅಂತ ಪಕ್ಕದವರಿಗೆ ಅಂದು ಹೊರಗೆ ಬಂದಳು.

ಇಬ್ಬರೂ ಬೀದಿಯಲ್ಲಿ ನಡೆದರು. ಹೊರಗೆ ಕಂಬಕ್ಕೆ ಕಟ್ಟಿದ ಸ್ಪೀಕರಿನಿಂದ ಲೇಖಕಿಯ ಭಾಷಣ ಬರುತ್ತಿತ್ತು. ದನಿ ಇಲ್ಲದವರಿಗೆ ದನಿಯಾಗುವುದೇ ಬರಹಗಾರರ ಕೆಲಸ ಅನ್ನುತ್ತಿದ್ದರು. ಚಂದ ಮಾತಾಡುತ್ತಿದ್ದರು. ಬಸ್ ನಿಲ್ದಾಣದ ತನಕ ಆ ಮಾತು ಬೆನ್ನು ಹತ್ತಿತು.

ಆಮೇಲಿನದು ಬೇಗ ಬೇಗ ಆಯಿತು. ಅವಳು ಬಗ್ಗಿ ಕೆಮ್ಮಿದ್ದು, ಕೂಗಿದ್ದು ಅಷ್ಟನ್ನೇ ಕತ್ತರಿಸಿ ಮೊಬೈಲಿಗೆ ಬಿಟ್ಟರು. ಕೇಳಿದ ಮಾತು ಅದರಲ್ಲಿರಲಿಲ್ಲ. "ಸಾಹಿತ್ಯ ಕಾರ್ಯಕ್ರಮದಲ್ಲಿ ಮಹಿಳೆಯ ಗದ್ದಲ" ಅಂತ ಸುದ್ದಿಯಾಯಿತು. ಗಾದಿ ಹೊಲಿಯಲು ಹೇಳಿದ್ದ ಎರಡು ಮದುವೆ ಮನೆಯವರು ಬೇಡ ಅಂದರು. ವೇದಿಕೆಯ ಗಾದಿ ವಾಪಸು ಬಂತು, ಅದರ ಮೇಲೆ ಚಾ ಚೆಲ್ಲಿತ್ತು. ಹಜರತಸಾಬ ನಮಾಜಿಗೆ ಹೋಗುವ ಮಸೀದಿಯ ಹಿರಿಯರು ಸಹ ಬಂದು, "ಹೆಂಗಸು ಮೈಕ್ ಹಿಡಿಯೋದ್ಯಾಕ ಬೇಕಿತ್ತು" ಅಂದು ಹೋದರು. ಆ ಕಡೆಯವರೂ ಅದನ್ನೇ ಅನ್ನುತ್ತಾರೆ, ಈ ಕಡೆಯವರೂ ಅದನ್ನೇ ಅನ್ನುತ್ತಾರೆ. ಮಕ್ತುಮಬಿ ಹಲ್ಲು ಕಚ್ಚಿ ಅರಳೆ ಬಡಿದಳು. ಎಷ್ಟು ಬಡಿದಳೆಂದರೆ ಕೋಲು ಮುರಿಯಿತು.

ಮೀನಾ ಅಂಗಡಿಗೆ ಬಂದಳು. "ಅಕ್ಕಾರ, ಗೌರೀಶಣ್ಣಾರು ಹೇಳಿ ಕಳಿಸ್ಯಾರ. ತಪ್ಪಾತು ಅಂತ ಒಂದ ಮಾತು ಅಂದ್ರ ಎಲ್ಲಾ ಮುಗೀತಂತ. ಮತ್ತ ಮೊದಲಿನಂಗ ಓದಬೌದಂತ."

"ಏನ್ ತಪ್ಪು ಮಾಡೇನಿ?"

"ನನಗ ಹ್ಯಾಂಗ ಗೊತ್ತಾಗಬೇಕ್ರಿ?"

"ಗೊತ್ತೈತಿ ನಿನಗ."

ಮೀನಾಳ ಕಣ್ಣು ತುಂಬಿದವು. "ನೀವು ಓದಾಕ ಬಂದ್ರ ಕೀಲಿ ತಗೀಬಾರದು ಅಂದಾರ. ನನ್ನ ಕೆಲಸಾ ಹೊಕ್ಕತ್ರಿ ಅಕ್ಕಾರ. ಹಂಗ ಮಾಡ್ರಿ, ಮನ್ಯಾಗ ಓದ್ರಿ. ಇಲ್ಲೆ ಅಂಗಡ್ಯಾಗ. ನಾಕು ಮಂದಿ ನಾವ ಬರತೇವಿ. ಯಾರ ತಕರಾರೂ ಇರೂದಿಲ್ಲ."

ಹಜರತಸಾಬ ಮಷೀನು ನಿಲ್ಲಿಸಿ ಕೇಳುತ್ತಿದ್ದ. "ಅದ ಚಲೋ ಆತು ನೋಡು" ಅಂದ. "ಇಲ್ಲೆ ಓದು. ಜಾಗಾ ನಾ ಮಾಡಿಕೊಡತೇನಿ."

ಮಕ್ತುಮಬಿ ಇಬ್ಬರನ್ನೂ ನೋಡಿದಳು. ಅಂದವರು ಪ್ರೀತಿಯಿಂದ ಅಂದಿದ್ದರು. ಅದಕ್ಕೇ ಅವಳಿಗೆ ಅಳು ಬಂದಂತಾಯಿತು, ಅಳಲಿಲ್ಲ.

"ಓದುಮನಿಗೆ ಗಾದಿ ಕೊಟ್ಟವರು ನಾವು. ಇಟ್ಟಂಗಿ ಕೊಟ್ಟವರಿಗೆ ಅದು ಅವರ ಮನಿ, ಗಾದಿ ಕೊಟ್ಟವರಿಗೆ ಅಲ್ಲೇನ? ಇವತ್ತ ಇಲ್ಲೆ ಓದತೇನಿ ಅಂದ್ರ ಅವರಿಗೂ ಅದ ಬೇಕಾಗೇತಿ. ಅವರದ ಅವರಿಗೆ, ನಮ್ಮದು ನಮಗ ಅಂತಾರ. ಮನ್ಯಾಗ ಓದೂದಿಲ್ಲ ನಾ. ಅಲ್ಲೆ ಓದತೇನಿ. ಹೊರಗ ಹಾಕ್ತಾರೇನ, ಕೈ ಹಿಡದು ಹಾಕ್ಲಿ. ಎಲ್ಲಾರೂ ನೋಡ್ಲಿ."

"ಹುಚ್ಚ ಹಿಡದೈತಿ ನಿನಗ" ಅಂದ ಹಜರತಸಾಬ. ಅಂದು ಮಷೀನಿನ ಕಡೆ ತಿರುಗಿದ. ಗುಂಡಿ ಒತ್ತಲಿಲ್ಲ.

ಶನಿವಾರ ಮಧ್ಯಾಹ್ನ ಅವಳು ಓದುಮನಿಗೆ ಹೋದಳು. ಬಾಗಿಲು ತೆರೆದಿತ್ತು. ಹೆಂಗಸರು ಸೇರಿದ್ದರು. ಓದುವವರ ಜಾಗದಲ್ಲಿ ಗೌರೀಶನ ಸೊಸೆ ಪುಸ್ತಕ ಹಿಡಿದು ಕುಂತಿದ್ದಳು. ಗೌರೀಶ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡಿದ್ದ. ಇವತ್ತು ಅವಳು ಬರಬಹುದು ಅಂತಲೇ ಬಂದಿದ್ದ.

ಮಕ್ತುಮಬಿ ಕಪಾಟಿನಿಂದ ಇನ್ನೊಂದು ಪ್ರತಿ ತೆಗೆದುಕೊಂಡಳು. ಸೊಸೆಯ ಪಕ್ಕದಲ್ಲಿ ಹೋಗಿ ಕುಂತಳು. ಆ ಹುಡುಗಿ ಬೆಚ್ಚಿ ಮಾವನ ಮುಖ ನೋಡಿದಳು.

"ಏಳು" ಅಂದ ಗೌರೀಶ. ಈಗ ದನಿಯಲ್ಲಿ ತಂಗಿ ಇರಲಿಲ್ಲ.

"ಕಾರಣ ಹೇಳ್ರಿ, ಏಳತೇನಿ."

"ಬಳಗದ ತೀರ್ಮಾನ ಅದು."

"ಬಳಗದಾಗ ನಾನೂ ಅದೇನಿ. ನನ್ನನ್ನ ಯಾರೂ ಕೇಳಲಿಲ್ಲ." ಅವಳು ಪುಸ್ತಕ ಬಿಚ್ಚಿದಳು. ನೀರು ಹೊಲಕ್ಕೆ ಬಂದು, ಮನೆಗಳ ಕಡೆ ತಿರುಗುವ ಭಾಗ. ಓದಲು ಹಿಡಿದಳು.

"ನಿಲ್ಲಸಾಕ ಹೇಳ್ರಿ ಆಕಿಗೆ!" ಗೌರೀಶ ಎದ್ದು ನಿಂತ. ಸೊಸೆಗೆ "ನೀ ಓದು" ಅಂದ. ಆ ಹುಡುಗಿ ಎರಡು ಸಾಲು ಓದಿದಳು. ಎರಡು ದನಿ ಒಂದರ ಮೇಲೊಂದು ಬಿದ್ದು ಯಾವುದೂ ತಿಳಿಯಲಿಲ್ಲ. ಅವಳು ನಿಲ್ಲಿಸಿದಳು. ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು. ಮಾವ ಮತ್ತೆ ಅಂದರೂ ತೆರೆಯಲಿಲ್ಲ.

ಕೆಲವು ಹೆಂಗಸರು ಎದ್ದು ಹೊರಗೆ ಹೋದರು. ಗಂಡಂದಿರ ಹೆದರಿಕೆ. ಕೆಲವರು ಬಾಗಿಲ ತನಕ ಹೋಗಿ ನಿಂತರು, ಒಳಗೂ ಅಲ್ಲ ಹೊರಗೂ ಅಲ್ಲ. ಗೌರೀಶ ಫ್ಯಾನು ಬಂದ್ ಮಾಡಿಸಿದ. ತಗಡಿನ ಕೆಳಗೆ ಕುಂತವರು ಬೇಯತೊಡಗಿದರು. ಗುಂಡಿ ಒತ್ತಿದ ಮೀನಾ ಗೋಡೆಯ ಕಡೆ ಮುಖ ಮಾಡಿ ನಿಂತಳು. ಗೌರೀಶ ಫೋನು ತೆಗೆದು ಯಾರ್ಯಾರನ್ನೋ ಕರೆದ. ಬೀದಿಯಲ್ಲಿ ಮಂದಿ ಸೇರಿದರು. ಒಬ್ಬ ಕಿಟಕಿಯ ಸರಳಿಗೆ ಬಡಿದ. ಇನ್ನೊಬ್ಬ ಅವಳ ಜಾತಿ ಹಿಡಿದು ಬೈದ. ಅಂಗಡಿಯಲ್ಲಿ ನಗುತ್ತ ಹೇಳಿದ್ದ ಕಾರಣ ಈಗ ಬೀದಿಯಲ್ಲಿ ಬೈಗುಳವಾಗಿ ಬಂತು. ಗೌರೀಶ ತಲೆ ತಗ್ಗಿಸಿ ಫೋನು ನೋಡಿಕೊಂಡ.

ಮಕ್ತುಮಬಿ ಓದುತ್ತಲೇ ಇದ್ದಳು. ಕೆಮ್ಮು ಬಂತು. ಕೆಮ್ಮಿದಳು. ಬಿಟ್ಟಲ್ಲಿಂದ ಮತ್ತೆ ಹಿಡಿದಳು. ಗಂಟಲು ಒಣಗಿ ದನಿ ಒಡೆಯಿತು. ಯಾರು ಕೇಳುತ್ತಿದ್ದಾರೆ, ಯಾರು ಹೋದರು ಅಂತ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ತಲೆಯೆತ್ತಿದರೆ ಓದು ನಿಂತುಬಿಡುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಬಾಗಿಲಿಗೆ ಏನೋ ಬಡಿಯಿತು. ಕಲ್ಲೋ, ಚಪ್ಪಲಿಯೋ. ಒಂದು ಸಾಲು ಪೂರಾ ಆ ಸದ್ದಿನಲ್ಲಿ ಹೋಯಿತು.

ರಾಚವ್ವ ಕುಂತಲ್ಲಿಂದ ಕದಲಿರಲಿಲ್ಲ. ಅಂಗೈಯನ್ನು ಕಿವಿಗೆ ಹಚ್ಚಿಕೊಂಡು ಮುಂದಕ್ಕೆ ಬಾಗಿದಳು.

"ಯವ್ವಾ, ಆ ಸಾಲ ಇನ್ನೊಮ್ಮೆ ಓದು" ಅಂದಳು. "ಈ ನಾಯಿ ಗದ್ದಲದಾಗ ಕೇಳಸಲಿಲ್ಲ."